ಬೇಗನೂ ಕೂಗಬಾರದು, ತಡವಾಗಿಯೂ ಕೂಗಬಾರದು

ರಾಜಾಜಿನಗರದಲ್ಲಿ ರಿಪೇರಿ ಆಗದ ವಸ್ತುವೇ ಇಲ್ಲ ಎಂಬುದು ನಮ್ಮ ಚಿಕ್ಕಪ್ಪನ ಗಟ್ಟಿ ನಂಬಿಕೆ. 1949ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿ ಹೋಗುವಾಗ ಮರೆತು ಒಂದು ಲೇತನ್ನೂ ಇಲ್ಲೇ ಬಿಟ್ಟು ಹೋದರೇನೋ, ಇಂಡಸ್ಟ್ರಿಯಲ್ ಟೌನಿನ ಯಾವ ಗಲ್ಲಿಗೆ ಹೊಕ್ಕರೂ ಏನೋ ಒಂದು ಗಿರ್ರನೆ ತಿರುಗುತ್ತಿರುತ್ತದೆ. ವಿಮಾನ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ನಿವೃತ್ತರಾದ ಚಿಕ್ಕಪ್ಪ ಅಲ್ಲೊಂದು ಸ್ನೇಹಿತರ ಶೆಡ್ಡಿನಲ್ಲಿ ಬೆಂಚು ಹಿಡಿದು ಕೂತಿದ್ದಾರೆ. ಬಸವೇಶ್ವರನಗರದ ಸಾಫ್ಟ್‌ವೇರ್ ಹುಡುಗನೊಬ್ಬ ತಾನೇ ಕಟ್ಟುತ್ತಿರುವ ಎರಡು ಸೀಟಿನ ವಿಮಾನದ ಸ್ಟಾಲ್ ವಾರ್ನಿಂಗ್ ಸ್ವಿಚ್ಚನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದದ್ದು ಅಲ್ಲಿಗೇ. ರೆಕ್ಕೆ ಊರಾಚೆಯ ಹ್ಯಾಂಗರಿನಲ್ಲೇ ಉಳಿದಿತ್ತು. ಭಾಷ್ಯಂ ಸರ್ಕಲ್ಲಿನಲ್ಲಿ ರೆಕ್ಕೆ ತಿರುಗಿಸುವುದು ಹೇಗೆ?

ನೋಡಿದರೆ ಏನೂ ಇಲ್ಲ. ಅಂಗೈಯಲ್ಲಿ ಹಿಡಿಯುವ ಒಂದು ತಟ್ಟೆ, ಅದರಿಂದ ನಾಲಿಗೆ ಚಾಚಿದಂತೆ ಒಂದು ಪುಟ್ಟ ತಗಡು, ಹಿಂದೆ ಒಂದು ಮೈಕ್ರೋಸ್ವಿಚ್ಚು. ಬೆರಳಿಂದ ತಗಡನ್ನು ಮೇಲೆತ್ತಿದರೆ ‘ಟಿಕ್’. ಚಿಕ್ಕಪ್ಪ ಮಲ್ಟಿಮೀಟರಿನ ಎರಡು ಕಡ್ಡಿ ತಾಗಿಸಿದರು. ಅದು ಕುಂಯ್ ಎಂದಿತು. ‘ಸ್ವಿಚ್ಚು ಚೆನ್ನಾಗಿದೆ. ಕೂರಿಸಿದ ಜಾಗ ಸರಿಯಿಲ್ಲ,’ ಎಂದರು, ಜಾಗವನ್ನು ನೋಡದೆಯೇ.

ಎಂಜಿನ್ ಗಟ್ಟಿಮುಟ್ಟಾಗಿ ಓಡುತ್ತಿದ್ದರೂ ವಿಮಾನ ಬೀಳಬಹುದು ಎಂದು ನನಗೆ ಗೊತ್ತಾದದ್ದೇ ಅವತ್ತು. ಮೂತಿಯನ್ನು ಅತಿಯಾಗಿ ಎತ್ತಿದರೆ, ಸಾಮಾನ್ಯವಾಗಿ ಗಾಳಿಗೆ ಹದಿನೈದು ಹದಿನಾರು ಡಿಗ್ರಿ ಆಚೆಗೆ, ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಹೋಗುತ್ತದೆ, ರೆಕ್ಕೆ ಕೈಕೊಡುತ್ತದೆ. ಸ್ಟಾಲ್ ಎಂದರೆ ಇದೇ. ಹುಡುಗನ ವಿಮಾನಕ್ಕೆ ನೇರ ಹಾರುವಾಗ ಇದು ಆಗುವುದು 45 ನಾಟ್‌ನಲ್ಲಿ, ಅಂದರೆ ಗಂಟೆಗೆ ಸುಮಾರು 83 ಕಿಲೋಮೀಟರಿನಲ್ಲಿ. ಆ ವೇಗದಲ್ಲಿ ಕಾರ್ಡ್ ರಸ್ತೆಯಲ್ಲಿ ಹೋದರೆ ಪೊಲೀಸರು ಹಿಡಿಯುತ್ತಾರೆ. ಮೇಲೆ ಅದಕ್ಕಿಂತ ನಿಧಾನವಾದರೆ ಭೂಮಿ ಹಿಡಿಯುತ್ತದೆ.

‘ಹಾಗಾದರೆ ಸ್ಪೀಡಾಮೀಟರ್ ನೋಡಿಕೊಂಡರೆ ಸಾಲದೇ?’ ಎಂದೆ. ಸಾಲದಂತೆ. 60 ಡಿಗ್ರಿ ವಾಲಿಸಿ, ಎತ್ತರ ಬಿಡದೆ ತಿರುಗಿದರೆ ಅದೇ ರೆಕ್ಕೆ 64ರಲ್ಲೇ ಸೋಲುತ್ತದೆ. ತಗಡಿಗೆ ವೇಗದ ಗೊಡವೆಯಿಲ್ಲ. ಗಾಳಿ ರೆಕ್ಕೆಯ ಮೂತಿಗೆ ಬಡಿದು ಮೇಲೆ ಕೆಳಗೆ ಸೀಳಿಕೊಳ್ಳುವ ಜಾಗ ಒಂದಿರುತ್ತದಲ್ಲ, ಮೂತಿ ಎದ್ದಷ್ಟೂ ಅದು ಕೆಳಕ್ಕೆ ಜಾರುತ್ತದೆ. ತಗಡನ್ನು ದಾಟಿ ಕೆಳಗಿಳಿಯಿತೋ, ಗಾಳಿ ತಗಡನ್ನು ಅಡಿಯಿಂದ ಎತ್ತುತ್ತದೆ, ಹಾರ್ನು ಕೂಗುತ್ತದೆ. 1946ರಲ್ಲಿ ಸೇಫ್ ಫ್ಲೈಟ್ ಕಂಪನಿ ತೆರೆದ ಅಮೆರಿಕದ ಲಿಯೊನಾರ್ಡ್ ಗ್ರೀನ್ ತಲೆ ಓಡಿಸಿದ್ದು ಇದಕ್ಕೇ. ಕೆಲವು ಸೆಸ್ನಾಗಳಲ್ಲಿ ತಗಡೂ ಇಲ್ಲ, ಬರೀ ತೂತು. ಅದರ ಪೀಪಿ ಊದುತ್ತದೋ ಇಲ್ಲವೋ ನೋಡಲು ತೂತಿಗೆ ಶುಭ್ರ ಕರವಸ್ತ್ರ ಹಿಡಿದು ಗಾಳಿ ಎಳೆಯಬೇಕು ಎಂದು ಕೈಪಿಡಿಯೇ ಹೇಳುತ್ತದೆ. ಪೈಲಟ್ ಸಮವಸ್ತ್ರದಲ್ಲಿ ರೆಕ್ಕೆಗೆ ಬಾಯಿ ಹಾಕಿ ಎಳನೀರು ಹೀರುವವರ ಹಾಗೆ ನಿಂತವರನ್ನು ಕಲ್ಪಿಸಿಕೊಂಡು ನಾನು ನಕ್ಕೆ. ಚಿಕ್ಕಪ್ಪ ನಗಲಿಲ್ಲ.

ಹಾರ್ನು ಸೋಲುವ ವೇಗಕ್ಕಿಂತ ಐದರಿಂದ ಹತ್ತು ನಾಟ್ ಮುಂಚೆ ಕೂಗಬೇಕು. ತೀರಾ ಬೇಗ ಕೂಗಿದರೆ ಪ್ರತಿ ಲ್ಯಾಂಡಿಂಗಿಗೂ ಅರಚಿ ಅರಚಿ ಪೈಲಟ್ಟಿಗೆ ಕಿವಿ ರೂಢಿಯಾಗುತ್ತದೆ. ಈ ವಿಷಯದಲ್ಲಿ ಚಿಕ್ಕಪ್ಪನ ಅಧಿಕಾರವಾಣಿ ಕೇಳಿ ನನಗೆ ಸೋಜಿಗ. ಸ್ಕೂಟರು ಹಳ್ಳಕ್ಕಿಳಿದ ಮೇಲೆ ‘ಹಳ್ಳ’ ಎನ್ನುವವರು ಅವರು. ಚಿಕ್ಕಮ್ಮ ನವರಂಗ್ ಟಾಕೀಸಿನ ಹತ್ತಿರವೇ ‘ಯಶವಂತಪುರದಲ್ಲಿ ಹಂಪ್ ಇದೆ’ ಎಂದು ಭುಜ ಹಿಡಿಯುವವರು. ಇಬ್ಬರ ಸರಾಸರಿ ತೆಗೆದರೆ ಒಳ್ಳೆಯ ಸ್ವಿಚ್ಚಾಗುತ್ತಿತ್ತು.

ಬೆಂಗಳೂರಿಗೆ ಇಂಥ ವಿಮಾನ ಹೊಸದಲ್ಲ. ಮನೆಯಲ್ಲೇ ಕಟ್ಟಿಕೊಳ್ಳುವವರಿಗೆಂದು ಬರ್ಟ್ ರುಟಾನ್ ಬರೆದ ಲಾಂಗ್‌ಈಝಿಯ ಜಾಡಿನಲ್ಲೇ ಇಲ್ಲಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನವರು ಎಲ್‌ಸಿಆರ್‌ಎ ಎಂಬುದನ್ನು ಕಟ್ಟಿ 1987ರಲ್ಲಿ ಹಾರಿಸಿದರು. ಅವರದೇ ಪುಟ್ಟ ವಿಮಾನ ಹಂಸ ಹಾರಿದ್ದು ಆಮೇಲೆ, 1993ರಲ್ಲಿ. ಲಾಂಗ್‌ಈಝಿಯ ಮರಿ ರೆಕ್ಕೆ ಇರುವುದು ಮುಂದೆ. ಅದೇ ಮೊದಲು ಸೋತು ಮೂತಿಯನ್ನು ತಾನಾಗಿ ಬಗ್ಗಿಸುತ್ತದೆ, ದೊಡ್ಡ ರೆಕ್ಕೆಗೆ ಸೋಲುವ ಸರದಿಯೇ ಬರದಂತೆ. ‘ಹಾರ್ನಿನ ತಲೆನೋವೇ ಬೇಡ ಅಂದರೆ ಅಂಥದ್ದು ಕಟ್ಟಬೇಕಿತ್ತು,’ ಎಂದು ಚಿಕ್ಕಪ್ಪ ಹುಡುಗನಿಗೆ ಹೇಳಿದರು. ಅವನು ರೆಕ್ಕೆ ಮುಗಿಸಿ ಬಣ್ಣವನ್ನೂ ಹೊಡೆದಾಗಿತ್ತು.

ತಟ್ಟೆಯ ತೂತುಗಳನ್ನು ಅರದಿಂದ ಉಜ್ಜಿ ಉದ್ದ ಮಾಡಿಕೊಟ್ಟರು, ಸರಿಸಲು ಜಾಗ ಸಿಗಲೆಂದು. ತಡವಾಗಿ ಕೂಗಿದರೆ ತಗಡು ಮೇಲಕ್ಕೆ, ಬೇಗ ಕೂಗಿದರೆ ಕೆಳಕ್ಕೆ; ಒಂದು ಸಲಕ್ಕೆ ಕೂದಲೆಳೆಯಷ್ಟು. ಉಳಿದದ್ದು ಬೆಂಚಿನ ಮೇಲೆ ಆಗುವ ಕೆಲಸವಲ್ಲ. ಹಾರಬೇಕು, ಎತ್ತರದಲ್ಲಿ ನಿಧಾನಿಸಿ ಹಾರ್ನಿನ ವೇಗ ಬರೆದುಕೊಳ್ಳಬೇಕು, ಇಳಿಯಬೇಕು, ಸ್ಕ್ರೂ ಸಡಿಲಿಸಬೇಕು, ಮತ್ತೆ ಹಾರಬೇಕು. ಜೊತೆಗೆ ಅನುಭವಿ ಪೈಲಟ್ ಇರಲೇಬೇಕು ಎಂದು ಚಿಕ್ಕಪ್ಪ ಎಚ್ಚರಿಸಿದರು. ಈ ಎಚ್ಚರಿಕೆ ಮಾತ್ರ ಹೊತ್ತಿಗೆ ಸರಿಯಾಗಿ ಬಂತು.

ಕೆಲವು ವಾರ ಬಿಟ್ಟು ಹುಡುಗನ ಫೋನು. ಮೊದಲು 61ಕ್ಕೆ ಕೂಗಿತಂತೆ, ಆಮೇಲೆ 47ಕ್ಕೆ, ಈಗ 52ಕ್ಕೆ ನಿಂತಿದೆ. ‘ಇನ್ನೊಂಚೂರು ಸರಿಸಿ 51 ಮಾಡಲಾ ಸಾರ್?’

‘ಕೈ ತೆಗಿ ಅದರ ಮೇಲಿಂದ!’ ಎಂದು ಚಿಕ್ಕಪ್ಪ ಶೆಡ್ಡೇ ನಡುಗುವಂತೆ ಕೂಗಿದರು. ‘ಸ್ಕ್ರೂ ಬಿಗಿ ಮಾಡಿ, ತಲೆಯಿಂದ ತಟ್ಟೆಗೆ ಕೆಂಪು ಗೆರೆ ಎಳಿ. ಸಡಿಲಾದರೆ ಗೆರೆ ಮುರಿಯುತ್ತೆ, ಗೊತ್ತಾಗುತ್ತೆ. ಕೊಟ್ಟಿದ್ದೀನಲ್ಲ ಬಾಟ್ಲು?’

ಅದೇ ಸಂಜೆ ಮದುವೆ ಆರತಕ್ಷತೆಗೆ ಹೊರಟ ಚಿಕ್ಕಮ್ಮ ನೈಲ್ ಪಾಲಿಶ್ ಹುಡುಕುತ್ತಿದ್ದರು.