ಅಮೀರ್‌ಪೇಟ್‌ನ ಕೋಚಿಂಗ್ ಧಣಿಗಳಿಗೊಂದು ಬಹಿರಂಗ ಪತ್ರ

ಹೈದರಾಬಾದಿನ ಮೈತ್ರಿವನಂ ಸುತ್ತಮುತ್ತಲಿನ ಕೋಚಿಂಗ್ ಸೆಂಟರ್‌ಗಳ ಮಾಲೀಕರೇ,

ಬೀದರ, ಕಲಬುರಗಿ, ರಾಯಚೂರಿನ ನಮ್ಮ ಹುಡುಗರಿಗೆ ಜಾವಾ, ಒರಾಕಲ್, ಟೆಸ್ಟಿಂಗ್ ಕಲಿಸಿ ಅನ್ನಕ್ಕೆ ದಾರಿ ಮಾಡಿದವರು ನೀವು. ಈಗ ಆ ನೌಕರಿಗಳನ್ನು ಎಐ ನುಂಗುತ್ತಿದೆಯಂತೆ. ಅದಕ್ಕೇ ಒಂದು ಹೊಸ ಕೋರ್ಸ್ ಸೂಚಿಸುತ್ತೇನೆ: ಯುದ್ಧಸುದ್ದಿ ವಾಚನ. ಡೆಮೊ ಕ್ಲಾಸ್ ಎಂದಿನಂತೆ ಉಚಿತವಿರಲಿ. ಕಂಪ್ಯೂಟರ್ ಬೇಡ, ಗಂಟಲಿದ್ದರೆ ಸಾಕು.

ಪಠ್ಯಕ್ಕೆ ಜಮ್ಮು-ಕಾಶ್ಮೀರದ ಪೂಂಚ್ ಪ್ರಕರಣವೊಂದೇ ಧಾರಾಳ. 2025ರ ಮೇ 7ರಂದು ಪಾಕಿಸ್ತಾನದ ಶೆಲ್ ದಾಳಿಗೆ ಅಲ್ಲಿನ ಮದರಸಾ ಶಿಕ್ಷಕರೊಬ್ಬರು ಸತ್ತರು. ನಮ್ಮ ಕೆಲವು ಚಾನೆಲ್‌ಗಳು ಅವರ ಫೋಟೊ ತೋರಿಸಿ, ಭಾರತದ ದಾಳಿಯಲ್ಲಿ ಹತನಾದ ಭಯೋತ್ಪಾದಕ ಎಂದು ಅಬ್ಬರಿಸಿದವು. ಮರುದಿನವೇ ಪೂಂಚ್ ಪೊಲೀಸರು ಅದು ಸುಳ್ಳೆಂದರು. ಮುಂದಿನ ತಿಂಗಳು ಅಲ್ಲಿನ ನ್ಯಾಯಾಲಯ ಆ ಚಾನೆಲ್‌ಗಳ ಮೇಲೆ ಎಫ್‌ಐಆರ್ ದಾಖಲಿಸಲು ಆದೇಶಿಸಿತು. ಕೈಚಳಕ ನೋಡಿ: ಕೊಂದದ್ದು ಶತ್ರುವಿನ ಶೆಲ್, ಸತ್ತದ್ದು ನಮ್ಮ ಪ್ರಜೆ. ಚಾನೆಲ್ಲಿನವರು ಸತ್ತವನನ್ನು ಶತ್ರು ಮಾಡಿ, ಕೊಂದವನನ್ನು ಖುಲಾಸೆ ಮಾಡಿಬಿಟ್ಟರು. ರಾವಲ್ಪಿಂಡಿಯ ಪಾಕ್ ಸೇನೆಯವರು ದುಡ್ಡು ಕೊಟ್ಟಿದ್ದರೂ ಇಂಥ ವಕೀಲರು ಸಿಗುತ್ತಿರಲಿಲ್ಲ. ಇದಕ್ಕೆ ದೇಶಭಕ್ತಿ ಅನ್ನುತ್ತಾರೆ. ಸಿಲೆಬಸ್‌ನಲ್ಲೂ ಹಾಗೇ ಬರೆಯಿರಿ.

ವಿದೇಶಿ ಉದಾಹರಣೆ ಬೇಕಾದರೆ, 1991ರ ಫೆಬ್ರುವರಿ 13ರಂದು ಬಾಗ್ದಾದಿನ ಅಮಿರಿಯಾ ಆಶ್ರಯತಾಣದಲ್ಲಿ ಅಮೆರಿಕದ ಬಾಂಬಿಗೆ 400ಕ್ಕೂ ಹೆಚ್ಚು ನಾಗರಿಕರು ಸತ್ತರು. ಅದು ಸೇನಾ ಕಮಾಂಡ್ ಕೇಂದ್ರವಾಗಿತ್ತು ಎಂದ ವಾಷಿಂಗ್ಟನ್, ಬೆರಳನ್ನು ಸದ್ದಾಮನತ್ತ ತೋರಿಸಿತು.

ಪ್ರಾಕ್ಟಿಕಲ್‌ಗೆ ಅಷ್ಟು ದೂರ ಯಾಕೆ, ಹಳೆಯ ಹೈದರಾಬಾದ್ ಸಂಸ್ಥಾನವೇ ಇದೆಯಲ್ಲ. 1948ರ ಮೇನಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಪರದ ರಜಾಕಾರರು ನಡೆಸಿದ ಹತ್ಯಾಕಾಂಡಕ್ಕೆ ಸ್ಮಾರಕವಿದೆ, ಭಾಷಣಗಳಿವೆ, ಇರಲೇಬೇಕು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಸಂಸ್ಥಾನವನ್ನು ವಶಪಡಿಸಿಕೊಂಡ ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ನಂತರ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರೆಂದು ನೆಹರೂ ಕಳಿಸಿದ ಸುಂದರಲಾಲ್ ಸಮಿತಿಯೇ ಅಂದಾಜಿಸಿತು. ಹೆಚ್ಚಿನವರು ಮುಸ್ಲಿಮರು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಬೀದರ, ಕಲಬುರಗಿ ಎರಡೂ ಇದ್ದವು. ಆ ವರದಿ ದಶಕಗಟ್ಟಲೆ ಕಪಾಟಿನಲ್ಲೇ ಉಳಿಯಿತು. ನಮ್ಮ ಕಡೆ ಒಂದು ಕಟ್ಟೆಯಲ್ಲಿ ಮೇ ತಿಂಗಳ ಕಥೆ ಕೇಳುತ್ತೀರಿ, ಇನ್ನೊಂದರಲ್ಲಿ ಸೆಪ್ಟೆಂಬರಿನದು. ಎರಡನ್ನೂ ಹೇಳುವವನನ್ನು ಯಾವ ಕಟ್ಟೆಯೂ ಕೂರಿಸಿಕೊಳ್ಳುವುದಿಲ್ಲ.

ಫೀಸು ಎಷ್ಟಾದರೂ ಇಡಿ. ಆದರೆ ಯಾವನಾದರೂ ವಿದ್ಯಾರ್ಥಿ, ‘ಸಾರ್, ಓದುವ ಮುಂಚೆ ಅಲ್ಲಿನ ಠಾಣೆಗೊಂದು ಫೋನ್ ಮಾಡೋಣವೇ?’ ಎಂದರೆ ದುಡ್ಡು ವಾಪಸ್ ಕೊಟ್ಟು ಊರಿಗೆ ಕಳಿಸಿ. ಅಂಥವನಿಗೆ ಪ್ಲೇಸ್‌ಮೆಂಟ್ ಸಿಗುವುದಿಲ್ಲ.

ಇಂತಿ,
ಬೀದರದ ಒಬ್ಬ ಟಿವಿ ವೀಕ್ಷಕ