ವ್ರತ ಹಿಡಿಯುವವರೇ ನನ್ನ ಅನ್ನದಾತರು

(ಕ್ರೆಡಿಟ್ ಕಾರ್ಡಿನೊಂದಿಗೆ ಒಂದು ಕಾಲ್ಪನಿಕ ಸಂದರ್ಶನ)

ಉದ್ದ 85.6 ಮಿಲಿಮೀಟರ್, ಅಗಲ 53.98. ತೂಕ ಹೇಳಿಕೊಳ್ಳುವಂಥದ್ದಲ್ಲ. ಮೈಮೇಲೆ ಹದಿನಾರು ಅಂಕಿ, ಎದೆಯಲ್ಲಿ ಬಂಗಾರದ ಬಣ್ಣದ ಒಂದು ಚಿಪ್. ಬೆಂಗಳೂರಿನ ಸಂಬಳದಾರರ ಮನೆಯಲ್ಲಿ ಕುಲದೇವರ ಪಟ ಇಲ್ಲದಿರಬಹುದು, ಇವರಂತೂ ಇದ್ದೇ ಇರುತ್ತಾರೆ. ಸಂದರ್ಶನಕ್ಕೆ ಸಮಯ ಕೇಳಿದಾಗ, "ಇಪ್ಪತ್ತನೇ ತಾರೀಖು ದಾಟಿದ ಮೇಲೆ ಬರಬೇಡಿ, ಉಸಿರಾಡಲು ಪುರುಸೊತ್ತಿರುವುದಿಲ್ಲ. ಮೊದಲ ವಾರ ಬನ್ನಿ. ಆಗಷ್ಟೇ ಸಂಬಳ ಆಗಿರುತ್ತದೆ, ನನ್ನನ್ನು ಯಾರೂ ಮಾತಾಡಿಸುವುದಿಲ್ಲ" ಎಂದರು. ಮಾತುಕತೆ ಇಲ್ಲಿದೆ.

ಪ್ರಶ್ನೆ: ಮೊದಲಿಗೆ ನಿಮ್ಮ ಮನೆತನದ ಪರಿಚಯ ಮಾಡಿಕೊಡಿ.

ಕಾರ್ಡು: ಮೂಲ ಅಮೆರಿಕದ್ದು. ಮುತ್ತಜ್ಜ ಡೈನರ್ಸ್ ಕ್ಲಬ್, 1950ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಹೋಟೆಲಿನಲ್ಲಿ ಉಂಡು ದುಡ್ಡನ್ನು ಆಮೇಲೆ ಕೊಡುವವರಿಗಾಗಿ ಇದ್ದವರು. ಪಾಪ, ಒಳ್ಳೆಯ ಮನುಷ್ಯ. ಬಿಲ್ಲು ಬಂದರೆ ಪೂರ್ತಿ ಕಟ್ಟಿಸಿಕೊಳ್ಳುತ್ತಿದ್ದರು, ಬಡ್ಡಿಯ ರುಚಿ ಗೊತ್ತಿರಲಿಲ್ಲ. ಆ ರುಚಿ ಕಂಡವರು ನಮ್ಮ ಅಜ್ಜ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಿನ ಸುಮಾರು 60,000 ಜನರಿಗೆ, ಯಾರೂ ಕೇಳದೆಯೇ, ಅಂಚೆಯಲ್ಲಿ ಕಾರ್ಡು ಕಳಿಸಿಬಿಟ್ಟಿತು. ಕರೆಯದೆ ಬರುವುದು ನಮ್ಮ ವಂಶದ ಗುಣ.

ಪ್ರಶ್ನೆ: ಈಗ ಭಾರತದಲ್ಲಿ ಹಾಗೆ ಬರುವಂತಿಲ್ಲವಲ್ಲ? ಕೇಳದೆ ಕಾರ್ಡು ಕೊಟ್ಟು ಬಿಲ್ಲು ಹಾಕಿದರೆ ಆ ಬಿಲ್ಲನ್ನು ರದ್ದು ಮಾಡಿ, ಮೇಲೆ ಅದರ ಎರಡರಷ್ಟು ದಂಡ ಕಟ್ಟಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಕಾರ್ಡು: ಅದಕ್ಕೇ ಈಗ ಫೋನ್ ಮಾಡಿ, ವಿನಯದಿಂದ ಕೇಳಿ ಬರುತ್ತೇವೆ. "ಲೈಫ್‌ಟೈಮ್ ಫ್ರೀ ಸಾರ್" ಎಂದರೆ ಬೇಡ ಅನ್ನಲು ಎಂಥವರಿಗೂ ಸಂಕೋಚ.

ಪ್ರಶ್ನೆ: ಯಾವ ಬಗೆಯ ಗ್ರಾಹಕರು ನಿಮಗೆ ಅಚ್ಚುಮೆಚ್ಚು?

ಕಾರ್ಡು: ಗಡುವಿನೊಳಗೆ ಬಿಲ್ಲನ್ನು ಪೂರ್ತಿ ಕಟ್ಟುವವರನ್ನು ಕಂಡರೆ ನನಗಾಗದು. ಇಪ್ಪತ್ತರಿಂದ ಐವತ್ತು ದಿನ ಬಡ್ಡಿಯಿಲ್ಲದೆ ನನ್ನ ದುಡ್ಡು ಆಡಿಸಿ, ಹೋಗುವಾಗ ಪಾಯಿಂಟನ್ನೂ ಎಣಿಸಿಕೊಂಡು ಹೋಗುತ್ತಾರೆ. ಅಂಥ ಮನೆಯಲ್ಲಿ ನಾನು ಜೀತಕ್ಕಿದ್ದೇನೆ. ಏನೂ ಕಟ್ಟದೆ ಊರು ಬಿಡುವವರೂ ಬೇಡ. ನನಗೆ ಬೇಕಾದವರು ಮರ್ಯಾದಸ್ಥರು. ಗಡುವು ತಪ್ಪಿಸುವುದಿಲ್ಲ, ಬ್ಯಾಂಕಿನಿಂದ ಫೋನ್ ಬರುವಂತೆ ಮಾಡಿಕೊಳ್ಳುವುದಿಲ್ಲ, ತಿಂಗಳು ತಿಂಗಳು ತಪ್ಪದೆ ಕನಿಷ್ಠ ಮೊತ್ತ ಕಟ್ಟುತ್ತಾರೆ.

ಪ್ರಶ್ನೆ: ಅದರಲ್ಲಿ ತಪ್ಪೇನು? ಇಷ್ಟು ಕಟ್ಟಿದರೆ ಸಾಕು ಎಂದು ಬಿಲ್ಲಿನಲ್ಲಿ ನೀವೇ ಅಚ್ಚು ಹಾಕಿರುತ್ತೀರಿ.

ಕಾರ್ಡು: ತಪ್ಪಿಲ್ಲ, ಪುಣ್ಯದ ಕೆಲಸ. ಲೆಕ್ಕ ಹೇಳಲೇ? ಬಾಕಿ ಒಂದು ಲಕ್ಷ ಇದೆ ಅನ್ನಿ. ಬಡ್ಡಿ ತಿಂಗಳಿಗೆ ಶೇ 3.5, ನಮ್ಮಲ್ಲಿ ಇದು ಮಾಮೂಲಿ ದರ. ಅಲ್ಲಿಗೆ 3,500 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 630. ಒಟ್ಟು 1,04,130. ಅದರ ಶೇ 5 ಕನಿಷ್ಠ ಮೊತ್ತ, 5,207 ರೂಪಾಯಿ. ನೀವು ಕಟ್ಟಿದ್ದರಲ್ಲಿ 4,130 ಬಡ್ಡಿಗೂ ತೆರಿಗೆಗೂ ಹೋಯಿತು. ಸಾಲ ಕರಗಿದ್ದು 1,077 ರೂಪಾಯಿ. ಹೀಗೇ ಐದು ವರ್ಷ, ಹೊಸದಾಗಿ ಒಂದು ರೂಪಾಯಿಯನ್ನೂ ಉಜ್ಜದೆ ಕಟ್ಟುತ್ತ ಬಂದರೆ, ನೀವು ಕೊಟ್ಟದ್ದು ಸುಮಾರು 2,31,000 ರೂಪಾಯಿ ಆಗಿರುತ್ತದೆ. ಇನ್ನೂ ಕೊಡಬೇಕಾದದ್ದು ಸುಮಾರು 52,000.

ಪ್ರಶ್ನೆ: (ನೀರು ಕುಡಿದು) ಇದನ್ನು ಜನರಿಗೆ ಮೊದಲೇ ಹೇಳಬಾರದೇ?

ಕಾರ್ಡು: ಹೇಳದೆ ಏನು? ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದರೆ ಸಾಲ ತೀರಲು ತಿಂಗಳು, ವರ್ಷಗಳೇ ಹಿಡಿಯುತ್ತವೆ, ಬಡ್ಡಿಗೆ ಬಡ್ಡಿ ಬೀಳುತ್ತದೆ ಎಂಬ ಎಚ್ಚರಿಕೆ ಬಿಲ್ಲಿನಲ್ಲಿ ಇರಲೇಬೇಕೆಂದು ರಿಸರ್ವ್ ಬ್ಯಾಂಕಿನ ಅಪ್ಪಣೆ. ನಾವು ಅಪ್ಪಣೆ ಮೀರುವವರಲ್ಲ. ಅಕ್ಷರದ ಗಾತ್ರ ಮಾತ್ರ ಇರುವೆ ಸಾಲಿನದು.

ಪ್ರಶ್ನೆ: ತಿಂಗಳಿಗೆ ಮೂರೂವರೆ ಅಂದರೆ ವರ್ಷಕ್ಕೆ ಶೇ 42. ನಮ್ಮ ಕಡೆ ಇದಕ್ಕೆ ಮೀಟರ್ ಬಡ್ಡಿ ಎನ್ನುತ್ತಾರೆ. ಅತಿಯಾದ ಬಡ್ಡಿ ವಸೂಲಿಯನ್ನು ನಿಷೇಧಿಸುವ ಕಾಯಿದೆ ಕರ್ನಾಟಕದಲ್ಲಿ 2004ರಿಂದಲೇ ಇದೆ.

ಕಾರ್ಡು: ಅದು ಲುಂಗಿ ಉಟ್ಟು ಬೈಕಿನಲ್ಲಿ ಬಂದು ಬಾಗಿಲು ಬಡಿಯುವ ಬಡ್ಡಿಗೆ. ನಾನು ಇ-ಮೇಲಿನಲ್ಲಿ ಬರುವ ಬಡ್ಡಿ. ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ವರ್ಷಕ್ಕೆ ಶೇ 30 ದಾಟಿದರೆ ಅದು ಅನುಚಿತ ವ್ಯಾಪಾರ ಎಂದಿತ್ತು. ಹದಿನಾರು ವರ್ಷ ಕೋರ್ಟಿನಲ್ಲಿ ನಡೆಯಿತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಬ್ಯಾಂಕಿನ ಬಡ್ಡಿಗೆ ಮಿತಿ ಹಾಕುವುದು ಗ್ರಾಹಕ ಆಯೋಗದ ಕೆಲಸವಲ್ಲ, ಅದು ರಿಸರ್ವ್ ಬ್ಯಾಂಕಿಗೆ ಬಿಟ್ಟದ್ದು. ರಿಸರ್ವ್ ಬ್ಯಾಂಕು ಬಡ್ಡಿ ವಿಪರೀತ ಆಗಬಾರದು ಎಂದಿದೆ, ಇಂತಿಷ್ಟೇ ಎಂದು ಅಂಕಿ ಹೇಳಿಲ್ಲ.

ಪ್ರಶ್ನೆ: ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು…

ಕಾರ್ಡು: ಕಿಂಗ್ ಸೈಜ್ ಹಾಸಿಗೆಯನ್ನೇ ಹನ್ನೆರಡು ಕಂತಿನಲ್ಲಿ ಕೊಡಿಸುತ್ತೇನೆ. ಕಾಲು ಎಷ್ಟು ಬೇಕಾದರೂ ಚಾಚಿ.

ಪ್ರಶ್ನೆ: ಸಾಲದ ಬಗ್ಗೆ ಸರ್ವಜ್ಞ ಹೇಳಿದ್ದು ಇಲ್ಲಿ ಪ್ರತಿಯೊಬ್ಬರಿಗೂ ಬಾಯಿಪಾಠ. ನಿಮಗೆ ಅಂಜಿಕೆ ಆಗಲಿಲ್ಲವೇ?

ಕಾರ್ಡು: ಬಾಯಿಪಾಠ ಆಗಿದೆ ಎಂದು ತಿಳಿದ ಮೇಲೇ ಧೈರ್ಯ ಬಂತು. ಬಾಯಿಪಾಠ ಆದದ್ದು ಪರೀಕ್ಷೆಯ ಹಾಳೆಗೆ ಹೋಗುತ್ತದೆ, ಪರ್ಸಿನವರೆಗೆ ಬರುವುದಿಲ್ಲ.

ಪ್ರಶ್ನೆ: ಬಾಕಿ ಇಟ್ಟುಕೊಂಡಿರುವ ಒಬ್ಬರು ನಿಮ್ಮನ್ನು ತೋರಿಸಿ ಗಾಂಧಿ ಬಜಾರಿನಲ್ಲಿ ಮಸಾಲೆ ದೋಸೆ ತಿಂದರು ಅನ್ನಿ. ಆ ದೋಸೆಗೆ ಐವತ್ತು ದಿನದವರೆಗೆ ಬಡ್ಡಿ ಇಲ್ಲ ತಾನೇ?

ಕಾರ್ಡು: ಎಲ್ಲರೂ ಜಾರಿ ಬೀಳುವುದು ಇಲ್ಲೇ. ಹಿಂದಿನ ಬಿಲ್ಲನ್ನು ಪೂರ್ತಿ ಕಟ್ಟದವರಿಗೆ ಬಡ್ಡಿಯಿಲ್ಲದ ದಿನಗಳು ಇಲ್ಲ. ಹೊಸದಾಗಿ ಏನು ಕೊಂಡರೂ ಕೊಂಡ ದಿನದಿಂದ ಬಡ್ಡಿ. ಅವರು ದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ನನ್ನ ಮೀಟರು ಓಡುತ್ತಿರುತ್ತದೆ. ಎಟಿಎಮ್ಮಿನಲ್ಲಿ ನನ್ನಿಂದ ನಗದು ತೆಗೆದರಂತೂ, ಹಳೆ ಬಾಕಿ ಇರಲಿ ಬಿಡಲಿ, ಅಂದಿನಿಂದಲೇ ಬಡ್ಡಿ. ಜೊತೆಗೆ ನಗದು ತೆಗೆದದ್ದಕ್ಕೆ ಶುಲ್ಕ ಬೇರೆ.

ಪ್ರಶ್ನೆ: ಆದರೂ ಪಾಯಿಂಟು ಕೊಡುತ್ತೀರಲ್ಲ, ಅದು ಲಾಭವೇ ಅಲ್ಲವೇ?

ಕಾರ್ಡು: ಹಲವು ಕಾರ್ಡುಗಳಲ್ಲಿ ಒಂದು ಪಾಯಿಂಟಿನ ಬೆಲೆ 25 ಪೈಸೆ. ಸರ್ಕಾರ 2011ರಲ್ಲಿ ನಾಲ್ಕಾಣೆ ನಾಣ್ಯವನ್ನು ಚಲಾವಣೆಯಿಂದ ತೆಗೆಯಿತು. ಅದನ್ನು ಇವತ್ತಿಗೂ ಉಳಿಸಿಕೊಂಡು ಬಂದಿರುವವನು ನಾನು. ಪರಂಪರೆಯ ಬಗ್ಗೆ ನನಗೂ ಕಾಳಜಿ ಇದೆ.

ಪ್ರಶ್ನೆ: ಕಾರ್ಡು ಕೈಯಲ್ಲಿದ್ದರೆ ಖರ್ಚು ಹೆಚ್ಚುತ್ತದೆ ಎನ್ನುವುದು ನಿಜವೇ?

ಕಾರ್ಡು: ಅಮೆರಿಕದ ಎಂಐಟಿಯ ಡ್ರಾಜೆನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ 2001ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟು ಹರಾಜಿಗಿಟ್ಟು, ಕೆಲವರಿಗೆ ನಗದು ಕೊಡಬೇಕೆಂದರು, ಕೆಲವರಿಗೆ ಕಾರ್ಡು. ಪಂದ್ಯ ಒಂದೇ, ಆಟಗಾರರು ಅವರೇ. ಕಾರ್ಡಿನವರು ಕೂಗಿದ ಬೆಲೆ ನಗದಿನವರದಕ್ಕಿಂತ ಸುಮಾರು ಎರಡು ಪಟ್ಟು. ಐನೂರರ ನೋಟು ಕೈಬಿಡುವಾಗ ಗಾಂಧೀಜಿ ಒಮ್ಮೆ ಮುಖ ನೋಡುತ್ತಾರೆ. ನನ್ನ ಮೈಮೇಲೆ ಹಾಗೆ ನೋಡುವ ಹಿರಿಯರು ಯಾರೂ ಇಲ್ಲ.

ಪ್ರಶ್ನೆ: ಅಂದರೆ ಸಾಲ ತೀರಿಸಲು ಹೊರಟವರು ದೋಸೆ, ಸಿನಿಮಾ, ಪ್ರವಾಸ ಎಲ್ಲವನ್ನೂ ಬಿಡಬೇಕು.

ಕಾರ್ಡು: ದಯವಿಟ್ಟು ಹಾಗೆಂದೇ ಬರೆಯಿರಿ! ವ್ರತ ಹಿಡಿಯುವವರೇ ನನ್ನ ಅನ್ನದಾತರು. ಒಂದನೇ ತಾರೀಖು ಊಟ ತರಿಸುವ ಆ್ಯಪುಗಳನ್ನೆಲ್ಲ ಫೋನಿನಿಂದ ಕಿತ್ತುಹಾಕುತ್ತಾರೆ. ಮಕ್ಕಳಿಗೆ ಐಸ್‌ಕ್ರೀಂ ಇಲ್ಲ, ಮುಡಿಗೆ ಮಲ್ಲಿಗೆ ಇಲ್ಲ. ಮದುವೆಗೆ ಕರೆದರೆ ಮುಯ್ಯಿ ಮಾಡಬೇಕಾಗುತ್ತದೆಂದು ಇಲ್ಲದ ಹೊಟ್ಟೆನೋವು. ಎರಡು ವಾರ ಮನೆ ಮಠವಾಗಿರುತ್ತದೆ. ಮೂರನೇ ಶನಿವಾರ ಯಾರೋ ಒಬ್ಬರು, "ಎಷ್ಟು ದಿನ ಅಂತ ಹೀಗೆ ಬದುಕೋದು?" ಅನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈ ಜುಮ್ಮೆನ್ನುತ್ತದೆ. ಸಂಜೆಗೆ ಮಾಲು, ಸೀರೆ, ಮೂರು ಬಗೆ ಸಿಹಿಯ ಊಟ, ಎಂಟು ಸಾವಿರ. ವ್ರತಭಂಗದ ಊಟ ಯಾವತ್ತೂ ದೊಡ್ಡದು. ಮಾರನೆಯ ದಿನ ಪಶ್ಚಾತ್ತಾಪ, ಅದಕ್ಕೆ ಪ್ರಾಯಶ್ಚಿತ್ತವಾಗಿ ಇನ್ನೂ ಕಠಿಣವಾದ ವ್ರತ. ಅದರ ಭಂಗಕ್ಕೂ ನಾನು ತಯಾರಾಗಿರುತ್ತೇನೆ.

ಪ್ರಶ್ನೆ: ಹಾಗಾದರೆ ನಿಮಗೆ ಯಾರನ್ನು ಕಂಡರೆ ಭಯ?

ಕಾರ್ಡು: (ದನಿ ತಗ್ಗಿಸಿ) ಲೆಕ್ಕ ಇಟ್ಟು ಮಜಾ ಮಾಡುವವರನ್ನು. ಒಬ್ಬರು ಟೀಚರಮ್ಮ ಇದ್ದರು. ಅದೇ ಒಂದು ಲಕ್ಷ ಬಾಕಿ, ಅದೇ ಬಡ್ಡಿ. ಮನೆ ಖರ್ಚೆಲ್ಲ ಕಳೆದು ತಿಂಗಳಿಗೆ ಹತ್ತು ಸಾವಿರ ಉಳಿಯುತ್ತಿತ್ತು. ಅಷ್ಟನ್ನೂ ಕಟ್ಟಿದ್ದರೆ ಹದಿಮೂರು ಕಂತು, ಹದಿನಾಲ್ಕನೆಯ ತಿಂಗಳು ಒಂದಿಷ್ಟು ಚಿಲ್ಲರೆ. ಒಟ್ಟು ಸುಮಾರು 1,31,700 ರೂಪಾಯಿಗೆ ನನ್ನ ಕಥೆ ಮುಗಿಯುತ್ತಿತ್ತು. ಆಕೆ ಒಂಬತ್ತು ಸಾವಿರ ಕಟ್ಟಿದರು, ಒಂದು ಸಾವಿರವನ್ನು ಖುಷಿ ಖರ್ಚು ಎಂದು ಬರೆದ ಕವರಿಗೆ ಹಾಕಿದರು. ಸಾಲ ತೀರಲು ಎರಡು ತಿಂಗಳು ಹೆಚ್ಚಿಗೆ ಹಿಡಿಯಿತು, ಒಟ್ಟು ಕಟ್ಟಿದ್ದು ಸುಮಾರು 1,36,600 ಆಯಿತು.

ಪ್ರಶ್ನೆ: ಐದು ಸಾವಿರ ನಷ್ಟವಲ್ಲವೇ?

ಕಾರ್ಡು: ನಾನೂ ಹಾಗೆಂದೇ ಹಿಗ್ಗಿದ್ದೆ. ಆದರೆ ಆಕೆ ಅಷ್ಟೂ ತಿಂಗಳಲ್ಲಿ ಒಮ್ಮೆಯೂ ನನ್ನನ್ನು ಉಜ್ಜಲಿಲ್ಲ. ಮನೆಯಲ್ಲಿ ಯಾರೂ "ಎಷ್ಟು ದಿನ ಹೀಗೆ" ಅನ್ನಲಿಲ್ಲ. ಎಂಟು ಸಾವಿರದ ವ್ರತಭಂಗ ಒಂದೇ ಒಂದು ಸಲ ಆಗಿದ್ದರೂ ಆ ಐದು ಸಾವಿರ ಅಲ್ಲಿಗೇ ಮುಳುಗುತ್ತಿತ್ತು. ಆಕೆ ಐದು ಸಾವಿರ ಕೊಟ್ಟು ನನ್ನ ಬಾಯಿಗೆ ಬೀಗ ಹಾಕಿದರು.

ಪ್ರಶ್ನೆ: ತಿಂಗಳಿಗೆ ಒಂದು ಸಾವಿರದಲ್ಲಿ ಎಂಥ ಖುಷಿ ಸಿಕ್ಕೀತು?

ಕಾರ್ಡು: ಎರಡು ಭಾನುವಾರ ದೋಸೆ-ಕಾಫಿ, ಮಕ್ಕಳಿಗೆ ಐಸ್‌ಕ್ರೀಂ, ಉಳಿದರೆ ಒಂದು ಪುಸ್ತಕ. ಕವರು ಖಾಲಿಯಾದರೆ ಮುಂದಿನ ತಿಂಗಳವರೆಗೆ ಕಾಯುವುದು. ಕವರಿನಲ್ಲಿ ಇರುವಷ್ಟನ್ನು ತಿನ್ನುವಾಗ ಅಳುಕಿರಲಿಲ್ಲ ನೋಡಿ, ಅದು ನನಗೆ ಸಹಿಸಲಾಗಲಿಲ್ಲ. ನನ್ನ ಗ್ರಾಹಕರು ತಿನ್ನುವಾಗಲೂ ಬಿಲ್ಲನ್ನೇ ನೆನೆಯುತ್ತಿರಬೇಕು.

ಪ್ರಶ್ನೆ: ಹಬ್ಬ, ಮದುವೆ, ಪ್ರವಾಸದಂಥ ದೊಡ್ಡ ಖರ್ಚುಗಳು?

ಕಾರ್ಡು: ಯುಗಾದಿ ಪ್ರತಿ ವರ್ಷ ಬರುತ್ತದೆ. ಆದರೂ ನನ್ನ ಗ್ರಾಹಕರಿಗೆ ಅದು ಪ್ರತಿ ವರ್ಷವೂ ಆಕಸ್ಮಿಕ. ಗೌರಿ-ಗಣೇಶ, ದೀಪಾವಳಿ, ಶಾಲೆ ಶುರುವಾಗುವ ಜೂನ್ ತಿಂಗಳು, ಎಲ್ಲವೂ ಹೇಳದೆ ಕೇಳದೆ ಬಂದುಬಿಡುವ ನೆಂಟರು. ಟೀಚರಮ್ಮ ಮಾತ್ರ ಪಂಚಾಂಗ ಮುಂದಿಟ್ಟುಕೊಂಡು ಕುಳಿತು, ಹಬ್ಬದ ಬಟ್ಟೆ, ಗೊತ್ತಿರುವ ಮದುವೆಗಳ ಮುಯ್ಯಿ, ದಸರಾ ರಜೆಯ ಜೋಗದ ಪ್ರವಾಸ, ಎಲ್ಲಕ್ಕೂ ಅಂದಾಜು ಬರೆದು ಹನ್ನೆರಡರಿಂದ ಭಾಗಿಸಿದರು. ಬಂದ ಅಂಕಿಯನ್ನು ಮನೆ ಖರ್ಚಿನ ಲೆಕ್ಕದಲ್ಲೇ ಸೇರಿಸಿ, ತಿಂಗಳು ತಿಂಗಳು ಬೇರೆ ಖಾತೆಗೆ ಹಾಕಿದರು. ಅಕ್ಟೋಬರಿನಲ್ಲಿ ಜೋಗಕ್ಕೆ ಹೋದಾಗ ನಾನು ಮನೆಯಲ್ಲೇ ಉಳಿದೆ.

ಪ್ರಶ್ನೆ: ಆಕೆ ಇನ್ನೇನು ಮಾಡಿದರು?

ಕಾರ್ಡು: ಸಂಬಳ ಬಿದ್ದ ದಿನವೇ ಒಂಬತ್ತು ಸಾವಿರ ನನ್ನ ಖಾತೆಗೆ ತಾನಾಗಿ ಹೋಗುವಂತೆ ಬ್ಯಾಂಕಿಗೆ ಹೇಳಿಟ್ಟರು. ಬಿಲ್ಲಿನ ಕನಿಷ್ಠ ಮೊತ್ತ ತಿಂಗಳಿಂದ ತಿಂಗಳಿಗೆ ಇಳಿದರೂ ಅವರು ತಮ್ಮ ಕಂತು ಇಳಿಸಲಿಲ್ಲ. ಅಂಗಡಿಗಳ ಆ್ಯಪಿನಲ್ಲಿ ಉಳಿಸಿದ್ದ ನನ್ನ ವಿವರ ಅಳಿಸಿದರು. ಅವರ ತಮ್ಮನ ಹತ್ತಿರ ನನ್ನಂಥವರು ಮೂವರಿದ್ದರು. ಅವನಿಗೆ, ಎಲ್ಲದಕ್ಕೂ ಕನಿಷ್ಠ ಮೊತ್ತ ಕಟ್ಟಿ, ಮಿಕ್ಕ ದುಡ್ಡೆಲ್ಲ ಹೆಚ್ಚು ಬಡ್ಡಿಯ ಕಾರ್ಡಿಗೇ ಸುರಿ ಎಂದರು. ಅವನು ಬಳೆ ಅಡವಿಟ್ಟು ಚಿನ್ನದ ಸಾಲ ತಂದು ಒಂದು ಕಾರ್ಡನ್ನು ಒಂದೇ ಏಟಿಗೆ ತೀರಿಸಿದ. ಆ ಬಾಕಿಯ ಮೇಲಿನ ಬಡ್ಡಿಯ ಹೊರೆ ಅರ್ಧಕ್ಕಿಂತ ಕೆಳಗಿಳಿಯಿತು. ಹಾಗೆ ತೀರಿಸಿಕೊಂಡು ಮತ್ತೆ ಉಜ್ಜಲು ಶುರು ಮಾಡಿದರೆ ಎರಡೂ ಕಡೆ ಸಾಲ. ಅಂಥವರ ಮೇಲೆ ನನಗೆ ವಿಶೇಷ ಪ್ರೀತಿ. ಅವನು ಹಾಗೆ ಮಾಡಲಿಲ್ಲ. ಮನೆತನವೇ ಸರಿಯಿಲ್ಲ.

ಪ್ರಶ್ನೆ: ಬಾಕಿ ಪೂರ್ತಿ ತೀರಿಸಿದವರು ಕಾರ್ಡು ಬೇಡವೆಂದರೆ ಏನು ಮಾಡುತ್ತೀರಿ?

ಕಾರ್ಡು: ಇದನ್ನು ಅಚ್ಚು ಹಾಕಬೇಡಿ. ಬಾಕಿಯಿಲ್ಲದವರು ಮುಚ್ಚಿ ಎಂದು ಕೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡವಾದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗ್ರಾಹಕರಿಗೆ ಕೊಡಬೇಕು. ರಿಸರ್ವ್ ಬ್ಯಾಂಕಿನ ನಿಯಮ. ಗೊತ್ತಿರುವವರು ಕಡಿಮೆ, ಹಾಗೇ ಇರಲಿ.

ಕಾರ್ಡಿನ ಈ ಕೋರಿಕೆಯನ್ನು ನಾವು ಮನ್ನಿಸಿಲ್ಲ. ಬಾಕಿ ಇರುವ ಓದುಗರಲ್ಲಿ ನಮ್ಮದೂ ಒಂದು ಕೋರಿಕೆಯಿದೆ. ಮುಂದಿನ ಸಂಬಳದ ದಿನ ಮೊದಲು ಕಾರ್ಡಿನ ಕಂತನ್ನು ಗಟ್ಟಿ ಮಾಡಿಕೊಳ್ಳಿ, ಅದು ಕನಿಷ್ಠ ಮೊತ್ತಕ್ಕಿಂತ ಚೆನ್ನಾಗಿ ಮೇಲಿರಲಿ. ಅದೇ ದಿನ ಖುಷಿ ಖರ್ಚಿನ ದುಡ್ಡನ್ನೂ ಎತ್ತಿಡಿ. ಸಣ್ಣದಾದರೂ ಸರಿ, ನಗದಾಗಿರಲಿ. ಸಾಲ ತೀರುವವರೆಗೆ ದೋಸೆ ಬಿಡಬೇಡಿ, ಕಾರ್ಡು ಬಿಡಿ.