ಮೇಷ್ಟ್ರ ಐಪಿ ವಿಳಾಸ

ಪಕ್ಕದ ಮನೆ ಮೇಷ್ಟ್ರಿಗೆ ತಮ್ಮ ಕಂಪ್ಯೂಟರಿನ ಐಪಿ ಅಡ್ರೆಸ್ ತಿಳಿಯಬೇಕಿತ್ತು. ತಿಳಿದು ಮಾಡುವುದೇನೆಂದರೆ, ಯಾರಿಗೂ ಹೇಳದೆ ಇರುವುದು. ಐಪಿ ಸಿಕ್ಕಿದರೆ ಕಳ್ಳರು ನೇರ ಮನೆಗೇ ಬರುತ್ತಾರೆಂದು ವಾಟ್ಸಾಪಿನಲ್ಲಿ ಓದಿದ್ದರಂತೆ. ಗೊತ್ತೇ ಇಲ್ಲದ್ದನ್ನು ಗುಟ್ಟಾಗಿಡುವುದು ಹೇಗೆ? ನ್ಯಾಯವಾದ ಪ್ರಶ್ನೆಯೇ.

ಹುಡುಕುವುದೇನೂ ಕಷ್ಟವಲ್ಲ. ವಿಂಡೋಸಿನ ಸರ್ಚ್‌ನಲ್ಲಿ ಸಿಎಂಡಿ ಎಂದು ಹೊಡೆದರೆ ಕರಿ ಪರದೆ ಬರುತ್ತದೆ. ಅಲ್ಲಿ ಐಪಿಕಾನ್ಫಿಗ್ ಎಂದು ಬರೆದು ಎಂಟರ್ ಒತ್ತಿದರಾಯಿತು. ಇಂಥ ಪರದೆಯನ್ನು ಸಿನಿಮಾದಲ್ಲಿ ಬ್ಯಾಂಕು ದೋಚುವವರಷ್ಟೇ ತೆರೆಯುವುದರಿಂದ ಮೇಷ್ಟ್ರು ಮೊದಲು ಕಿಟಕಿ ಮುಚ್ಚಿ ಬಂದರು. 'ಮೀಡಿಯಾ ಡಿಸ್ಕನೆಕ್ಟೆಡ್' ಎಂಬ ಸಾಲುಗಳು ಒಂದರ ಹಿಂದೊಂದು ಇಳಿದಾಗ ಅವರ ಮುಖವೂ ಇಳಿಯಿತು. ಅವೆಲ್ಲ ಬಳಕೆಯಲ್ಲಿಲ್ಲದ ದಾರಿಗಳು, ಬಿಡಿ ಎಂದೆ. ಕೊನೆಗೆ ಸಿಕ್ಕಿತು: ಐಪಿವಿ4 ಅಡ್ರೆಸ್, 192.168.1.7. ಡೈರಿಯಲ್ಲಿ ಪ್ಯಾನ್ ನಂಬರಿನ ಕೆಳಗೆ ಬರೆದುಕೊಂಡು, ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ನಿಂದೆಷ್ಟಯ್ಯಾ?" ಎಂದರು ಪಿಸುದನಿಯಲ್ಲಿ.

ನನ್ನದೂ 192.168.1.7.

"ಅಂದ್ರೆ ನನ್ನದನ್ನ ನೀನು ಬಳಸ್ತಿದ್ದೀಯ!"

ಇಲ್ಲ ಮೇಷ್ಟ್ರೇ. 192.168ರಿಂದ ಶುರುವಾಗುವ ವಿಳಾಸಗಳು ಒಳಗಿನ ಬಳಕೆಗೆಂದೇ ಮೀಸಲು. ಮನೆಮನೆಯಲ್ಲೂ ಒಬ್ಬ ಪುಟ್ಟ ಇರುತ್ತಾನಲ್ಲ, ಹಾಗೆ. ಒಳಗೆ ಕೂಗಿದರೆ ಸರಿಯಾದವನೇ ಬರುತ್ತಾನೆ. ಬೀದಿಯಲ್ಲಿ ನಿಂತು ಕೂಗಿದರೆ ಯಾರ ಮನೆ ಪುಟ್ಟ? ಈ ಹೆಸರಿಡುವ ಕೆಲಸ ಮೂಲೆಯಲ್ಲಿ ಮಿಣಮಿಣ ಎನ್ನುವ ರೌಟರಿನದು. ಕೊಟ್ಟ ವಿಳಾಸದ ಗಡುವು ಮುಗಿದ ಮೇಲೆ 7ರ ಬದಲು 4 ಕೊಟ್ಟರೂ ಕೇಳುವಂತಿಲ್ಲ. ಎಲ್ಲಕ್ಕೂ ಕಾರಣ ಬಡತನ. 1981ರಲ್ಲಿ ನಿಗದಿಯಾದ ಈ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸ; ಇಂದಿನ ಜನಕ್ಕೆ ತಲೆಗೊಂದೂ ಬರುವುದಿಲ್ಲ. 2011ರ ಫೆಬ್ರವರಿಯಲ್ಲಿ ಜಗತ್ತಿನ ಉಗ್ರಾಣವೇ ಬರಿದಾಯಿತು. ಹಾಗಾಗಿ ಮನೆಮಂದಿಗೆಲ್ಲ ಹೊರಗೆ ಒಂದೇ ವಿಳಾಸ. ಕೆಲವು ಇಂಟರ್ನೆಟ್ ಕಂಪನಿಗಳು ಆ ಒಂದನ್ನೂ ಹತ್ತಾರು ಮನೆಗೆ ಹಂಚಿ, ಬಿಲ್ ಮಾತ್ರ ಬೇರೆ ಬೇರೆ ಕಳಿಸುತ್ತವೆ.

"ಹಾಗಾದ್ರೆ ಆ ಹೊರಗಿನದನ್ನ ತೋರಿಸು."

ಅದನ್ನು ಹೇಳುವ ಜಾಲತಾಣಗಳಿವೆ. ಒಂದನ್ನು ತೆರೆದೆ. ಬೇರೆಯೇ ಸಂಖ್ಯೆ, ಕೆಳಗೆ ಊರಿನ ಹೆಸರು: ಚೆನ್ನೈ. ನಾವು ಕೂತದ್ದು ಮೈಸೂರಿನ ಕುವೆಂಪುನಗರದಲ್ಲಿ. ಇದು ಬರೀ ಅಂದಾಜು ಮೇಷ್ಟ್ರೇ, ಮನೆ ಬಾಗಿಲು ಗೊತ್ತಿರುವುದು ಬಿಲ್ ಕಳಿಸುವವರಿಗಷ್ಟೇ ಎಂದು ವಿವರಿಸಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ. ಮುಖ ಅರಳಿತ್ತು.

"ಕಳ್ಳ ಚೆನ್ನೈಗೆ ಹೋಗ್ತಾನೆ! ಆ ಸೆಕೆಗೆ!"

ಕಾಫಿ ಬಂತು. ಲೋಟ ಕೈಯಲ್ಲಿ ಹಿಡಿದೇ ಮೇಷ್ಟ್ರು ಕರಿ ಪರದೆಯ ಇನ್ನೊಂದು ಸಾಲಿಗೆ ಬೆರಳಿಟ್ಟರು. ಅದು ಐಪಿವಿ6, ವಿಳಾಸಗಳ ಬರ ನೀಗಲೆಂದು ಮಾಡಿದ ಹೊಸ ಪದ್ಧತಿ. ಉದ್ದ ಹೆಚ್ಚು, ಅಂಕಿಗಳ ನಡುವೆ ಎ ಇಂದ ಎಫ್‌ವರೆಗಿನ ಅಕ್ಷರಗಳು ಬೇರೆ.

"ಲೆಕ್ಕದೊಳಗೆ ಅಕ್ಷರ ತುರುಕಿದ ಮಹಾನುಭಾವ ಯಾರಯ್ಯಾ?" ಎಂದು ಸಿಡುಕಿದರು.

ಹೈಸ್ಕೂಲಿನಲ್ಲಿ ನನಗೆ ಬೀಜಗಣಿತ ಕಲಿಸಿದವರು ಅವರೇ. ನಾನು ತೆಪ್ಪಗೆ ಕಾಫಿ ಕುಡಿದೆ.